ಬರ್ತೀನಿ ಅಂದವಳು

"ಇದೇನು ಸೂಪೋ, ಪಾತ್ರೆ ತೊಳೆದ ನೀರೋ? ದುಡ್ಡು ಕೊಟ್ಟು ಬಂದಿದೀವಿ ಕಣೇ, ಬಿಟ್ಟಿ ಊಟಕ್ಕಲ್ಲ."

ಏಳನೇ ಮೇಜಿನ ಅಮ್ಮಾವ್ರು ಚಮಚವನ್ನು ಬಟ್ಟಲಿನೊಳಕ್ಕೆ ಎಸೆದರು. ಸೂಪು ಎಗರಿ ಗುಬ್ಬಿಯ ಬಿಳಿ ಕೋಟಿನ ಮೇಲೆ ಬಿತ್ತು. ಬಿಸಿ ಬಟ್ಟೆ ದಾಟಿ ಎದೆಯನ್ನು ಚುರ್ ಅನ್ನಿಸಿತು. ಗುಬ್ಬಿ ನಕ್ಕಳು. ನಗದೆ ಏನು ಮಾಡ್ತಾಳೆ, ಬಾಗಿಲ ಹತ್ತಿರ ಹಲ್ಲಪ್ಪ ನಿಂತಿದ್ದ.

ಹಲ್ಲಪ್ಪ ಅಂದರೆ ರಜೆಗೆ ಬಂದವರನ್ನು ಸುತ್ತಾಡಿಸುವ ಆ ಹಡಗಿನ ಊಟದ ಮನೆಯ ಮ್ಯಾನೇಜರ್. ಅವನಿಗೆ ಹೆತ್ತವರು ಇಟ್ಟ ಹೆಸರು ಯಾವುದೋ, ಯಾರಿಗೆ ಬೇಕು. ದಿನಾ ಬೆಳಿಗ್ಗೆ ಬಡಿಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಸಂತೆಯಲ್ಲಿ ದನ ನೋಡುವವನ ಹಾಗೆ ಒಬ್ಬೊಬ್ಬರ ಹಲ್ಲು ನೋಡುತ್ತಿದ್ದ. "ಹಲ್ಲು ಕಾಣ್ಬೇಕು. ಮೇಲಿಂದೂ ಕೆಳಗಿಂದೂ. ಜನ ಇಲ್ಲಿಗೆ ಬರೋದು ನಿಮ್ಮ ಅಳುಮೋರೆ ನೋಡೋಕಲ್ಲ" ಅನ್ನುತ್ತಿದ್ದ. ಹೀಗಾಗಿ ಕೆಳಗಿನವರ ಬಾಯಲ್ಲಿ ಅವನು ಹಲ್ಲಪ್ಪನಾದ.

ಅವನ ಇನ್ನೊಂದು ಕಟ್ಟಳೆ, ಅತಿಥಿಗಳ ಎದುರು 'ಇಲ್ಲ' ಅನ್ನುವ ಮಾತು ಬಾಯಿಂದ ಹೊರಡಕೂಡದು. ಮೀನು ಮುಗಿದಿದ್ದರೆ 'ಇಲ್ಲ' ಅನ್ನುವಂತಿಲ್ಲ, "ಕೋಳಿ ಇವತ್ತು ಬಹಳ ಚೆನ್ನಾಗಿದೆ ಮೇಡಂ" ಅನ್ನಬೇಕು. ಕೋಳಿಯೂ ಮುಗಿದಿದ್ದರೆ "ಬರ್ತಾ ಇದೆ ಸಾರ್" ಅನ್ನಬೇಕು. ಒಬ್ಬ ಮಹಾನುಭಾವ, ಸಮುದ್ರದ ಅಲೆ ಸ್ವಲ್ಪ ಕಡಿಮೆ ಮಾಡಿಸೋಕೆ ಆಗುತ್ತಾ ಅಂತ ಕೇಳಿದ್ದಕ್ಕೆ ಗುಬ್ಬಿ "ಹೇಳಿ ನೋಡ್ತೀನಿ ಸಾರ್" ಅಂದಿದ್ದಳು. ಅದನ್ನು ಕೇಳಿ ಹಲ್ಲಪ್ಪ ಶಭಾಷ್ ಅಂದಿದ್ದ. 'ಇಲ್ಲ' ಅಂದವರನ್ನು ಮುಂದಿನ ಬಂದರಿನಲ್ಲಿ ಇಳಿಸುತ್ತಿದ್ದರು. ಅದು ಯಾವ ಊರು, ಅಲ್ಲಿ ಯಾವ ಮಾತು, ವಾಪಸ್ಸು ಹೋಗೋದು ಹೇಗೆ, ಅದು ಹಡಗಿನವರ ತಲೆನೋವಲ್ಲ.

"ಬೇರೆ ಸೂಪು ತರ್ತೀನಿ ಅಮ್ಮಾವ್ರೇ," ಅಂದಳು ಗುಬ್ಬಿ.

"ಬೇಡ, ನಿನ್ನ ಕೈಯಿಂದ ಏನೂ ಬೇಡ." ಅಮ್ಮಾವ್ರು ಎದ್ದು ಸಿಹಿ ಇಟ್ಟಿದ್ದ ಮೇಜಿನ ಕಡೆ ನಡೆದರು.

ಉಳಿದವನು ಅವರ ಗಂಡ, ಸಾಹೇಬ. ಈಗ ತನ್ನ ಕೈವಸ್ತ್ರ ತೆಗೆದು "ಅಯ್ಯೋ ಪಾಪ, ಕೋಟೆಲ್ಲಾ ಹಾಳಾಯ್ತಲ್ಲ" ಅಂತ ಗುಬ್ಬಿಯ ಎದೆ ಮೇಲಿನ ಕಲೆ ಒರೆಸಿದ. ಕಲೆ ಇದ್ದದ್ದು ಒಂದು ಬೆರಳಿನಷ್ಟು. ಅವನು ಒರೆಸಿದ್ದು ಒಂದು ಅಂಗೈಯಷ್ಟು. ಗುಬ್ಬಿ ಕೈಯಲ್ಲಿ ತಟ್ಟೆಗಳ ಅಟ್ಟಿ ಹಿಡಿದಿದ್ದಳು, ಬಿಟ್ಟರೆ ಒಡೆಯುತ್ತವೆ. ಹಲ್ಲು ತೋರಿಸಿಕೊಂಡೇ ನಿಂತಳು.

"ನಾಲ್ಕು ಗಂಟೆಗೆ ಇವಳು ಕುಣಿತ ನೋಡೋಕೆ ಹೋಗ್ತಾಳೆ," ಅಂದ ಸಾಹೇಬ, ತನ್ನ ಮಗಳ ಹತ್ತಿರ ಮಾತಾಡುವಷ್ಟು ಮೆತ್ತಗೆ. "ನನಗೆ ಆ ಗಲಾಟೆ ಆಗಲ್ಲ. ರೂಮಿಗೆ ಚಹಾ ತಗೊಂಡು ಬಾ. ನೀನೇ ಬಾ. ಎರಡು ಕಪ್ಪು."

ರೂಮಿಗೆ ಚಹಾ ಒಯ್ಯುವ ಕೆಲಸ ಗಂಡಾಳುಗಳದು. ಗುಬ್ಬಿಗೆ 'ಇಲ್ಲ' ಅನ್ನುವುದು ನಾಲಿಗೆ ತುದಿಗೆ ಬಂದು ಅಲ್ಲೇ ಅಂಟಿಕೊಂಡಿತು. ಅಲ್ಲಿಂದ ಪಾರಾದರೆ ಸಾಕು ಅನ್ನಿಸಿ, ಯಾವ ಮೇಜಿನಿಂದ ಹೊರಟರೂ ಹೇಳುವುದನ್ನೇ ಹೇಳಿಬಿಟ್ಟಳು.

"ಬರ್ತೀನಿ ಸಾರ್."

ಸಾಹೇಬ ಹುಬ್ಬು ಹಾರಿಸಿ ನಕ್ಕ. ಆ ನಗು ನೋಡಿದ ಮೇಲೆ, ತಾನು ಅಂದದ್ದು ಅವನಿಗೆ ಹೇಗೆ ಕೇಳಿಸಿತು ಅನ್ನುವುದು ಗುಬ್ಬಿಗೆ ಹೊಳೆಯಿತು.

* * *

ಮೇಲಿನ ಹಡಗಿಗೂ ಕೆಳಗಿನ ಹಡಗಿಗೂ ನಡುವೆ ಒಂದು ಕೆಂಪು ಗೆರೆ ಇತ್ತು. ಗೆರೆಯ ಆಚೆ ಜಮಖಾನೆ, ಈಚೆ ಒದ್ದೆ ಕಬ್ಬಿಣ. ಈಚೆಯವರು ಬಿಳಿ ಕೋಟಿಲ್ಲದೆ ಆ ಗೆರೆ ದಾಟುವಂತಿಲ್ಲ. ಹಲ್ಲಪ್ಪನೂ ಗೆರೆ ದಾಟಿ ಈಚೆ ಬರುತ್ತಿರಲಿಲ್ಲ. ಅವನ ಬೂಟಿಗೆ ನೀರು ಸೋಕಬಾರದು.

ಗೆರೆ ದಾಟಿ ಎರಡು ಮೆಟ್ಟಿಲು ಇಳಿದರೆ ಪಾತ್ರೆ ತೊಳೆಯುವ ಕೋಣೆ. ಅಲ್ಲಿ ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಗುಬ್ಬಿಯ ಚಿಕ್ಕಮ್ಮ ಉಳಿದ ಹೆಂಗಸರ ಸಾಲಿನಲ್ಲಿ ನಿಂತು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ತಟ್ಟೆ ಉಜ್ಜುತ್ತಿದ್ದಳು. ಗುಬ್ಬಿಯನ್ನು ಈ ಕೆಲಸಕ್ಕೆ ಕರೆತಂದವಳು ಅವಳೇ. ನೀರಲ್ಲಿ ನೆನೆದು ನೆನೆದು ಅವಳ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಬರ್ತೀನಿ ಅಂದ್ಯಾ?" ಚಿಕ್ಕಮ್ಮನ ಕೈ ನಿಂತಿತು. "ನಿನ್ನ ಬಾಯಿಗೆ ಮಣ್ಣು ಹಾಕ. ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಂಡ್ಯಲ್ಲೇ."

"ನಾನು ಹೊರಡ್ತೀನಿ ಅಂತ ಅಂದಿದ್ದು. ನೀನೇ ಅಲ್ವಾ ಹಂಗೆ ಕಲ್ಸಿದ್ದು?"

ಹೌದು, ಕಲಿಸಿದ್ದು ಚಿಕ್ಕಮ್ಮನೇ. ಅವರ ಮನೆಯಲ್ಲಿ ಬೀದಿ ನಲ್ಲಿಗೆ ನೀರಿಗೆ ಹೊರಟರೂ 'ಬರ್ತೀನಿ' ಅನ್ನಬೇಕು. 'ಹೋಗ್ತೀನಿ' ಅಂದರೆ ಅಪಶಕುನ. ಗುಬ್ಬಿಯ ಅಪ್ಪ ಒಂದು ದಿನ ಸಿಟ್ಟಿನಲ್ಲಿ "ಹೋಗ್ತೀನಿ" ಅಂತ ಚಪ್ಪಲಿ ಮೆಟ್ಟಿ ಹೊರಟವನು ಇವತ್ತಿಗೂ ಪತ್ತೆಯಿಲ್ಲ. ಆಮೇಲೆ ಒಂದು ಸಲ ಚಿಕ್ಕ ಗುಬ್ಬಿ ಶಾಲೆಗೆ ಹೊರಡುವಾಗ ಬಾಯಿ ತಪ್ಪಿ "ಹೋಗ್ತೀನಿ" ಅಂದಿದ್ದಳು. ಚಿಕ್ಕಮ್ಮ ಬಾಯಿಗೆ ಪಟ್ ಅಂತ ಹೊಡೆದು "ಬಿಡ್ತು ಅನ್ನು, ಬಿಡ್ತು ಅನ್ನು" ಅಂತ ಅನ್ನಿಸಿಯೇ ಬಿಟ್ಟಿದ್ದಳು. ಅವತ್ತಿನಿಂದ ಅವಳ ಬಾಯಲ್ಲಿ 'ಬರ್ತೀನಿ' ಉಸಿರಿನ ಹಾಗೆ ತಾನಾಗಿ ಬರುತ್ತಿತ್ತು.

"ಜಡೆಯವಳು ನೆನಪಿದಾಳಾ?" ಚಿಕ್ಕಮ್ಮ ದನಿ ತಗ್ಗಿಸಿದಳು.

ನೆನಪಿಲ್ಲದೆ ಏನು. ಹೋದ ಸಲದ ಪ್ರಯಾಣದಲ್ಲಿ ಇದೇ ಏಳನೇ ಮೇಜಿಗೆ ಬಡಿಸುತ್ತಿದ್ದವಳು, ಮಂಡಿ ತನಕ ಜಡೆ. ಯಾವುದೋ ರೂಮಿಗೆ ಚಹಾ ಒಯ್ದಳು. ವಾಪಸ್ಸು ಬಂದು ಯಾರ ಹತ್ತಿರವೂ ಮಾತಾಡಲಿಲ್ಲ, ಎರಡು ದಿನ ಊಟ ಮುಟ್ಟಲಿಲ್ಲ. 'ಅತಿಥಿಗಳ ಜೊತೆ ಸಲಿಗೆ' ಅಂತ ಹೇಳಿ ಅವಳನ್ನು ಇಳಿಸಿದರು. ತಗಡಿನ ಟ್ರಂಕು ಪಕ್ಕದಲ್ಲಿಟ್ಟುಕೊಂಡು ಅವಳು ಬಂದರಿನ ಕಟ್ಟೆ ಮೇಲೆ ನಿಂತಿದ್ದನ್ನು ಇಬ್ಬರೂ ಇದೇ ಕೋಣೆಯ ದುಂಡು ಕಿಟಕಿಯಿಂದ ನೋಡಿದ್ದರು. ಚಿಕ್ಕಮ್ಮ ಕೈ ಬೀಸಿದಳು. ಅವಳು ಬೀಸಲಿಲ್ಲ.

"ನೀನು ಮಾತ್ರ ಹೋಗ್ಬೇಡ. ಇಲ್ಲೇ ಹಬೇಲಿ ಕೂತಿರು."

"ಇಬ್ರನ್ನೂ ಇಳಿಸಿದ್ರೆ?"

ಚಿಕ್ಕಮ್ಮ ತೊಟ್ಟಿಯ ಕಡೆ ತಿರುಗಿದಳು. ಅದೇ ತಟ್ಟೆಯನ್ನು ಮತ್ತೊಮ್ಮೆ ಉಜ್ಜತೊಡಗಿದಳು. ಅತ್ತ ದರಿ, ಇತ್ತ ಪುಲಿ.

* * *

ನಾಲ್ಕು ಗಂಟೆ ದಾಟಿತು. ಮೇಲಿನಿಂದ ಡ್ರಮ್ಮಿನ ಸದ್ದು ಬರುತ್ತಿತ್ತು. ಗುಬ್ಬಿ ತಟ್ಟೆ ಒರೆಸುವ ಬಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಪ್ರತಿ ಹೆಜ್ಜೆ ಸದ್ದಿಗೂ ತಲೆ ಎತ್ತಿ ಮೆಟ್ಟಿಲ ಕಡೆ ನೋಡುತ್ತಿದ್ದಳು. ಕೊನೆಗೆ ಬರಬೇಕಾದ ಬೂಟಿನ ಸದ್ದೇ ಬಂದು ಕೆಂಪು ಗೆರೆಯ ಆಚೆ ನಿಂತಿತು.

"ಗುಬ್ಬೀ. ಬಾರೇ ಇಲ್ಲಿ."

ಗುಬ್ಬಿ ಮೆಟ್ಟಿಲು ಹತ್ತಿ ಗೆರೆಯ ಈಚೆ ನಿಂತಳು. ಹತ್ತಿಳಿದು ಬಂದು ಬೆವರಿದ್ದ ಹಲ್ಲಪ್ಪ ಮುಖ ಒರೆಸಿಕೊಂಡ. "ಏಳನೇ ಮೇಜಿನ ಸಾಹೇಬ್ರು ನಂಗೆ ಫೋನ್ ಮಾಡಿದ್ರು. ಬರ್ತೀನಿ ಅಂದವಳು ಬರ್ಲಿಲ್ಲವಂತೆ. ಇದೇನಾ ನಿಮ್ಮ ಸೇವೆ ಅಂತ ಕೇಳ್ತಾರೆ."

"ಸಾರ್, ನಾನು ಹಂಗಂದಿದ್ದಲ್ಲ ಸಾರ್. ಹೊರಡೋವಾಗ ಅಂತೀವಲ್ಲ, ಹಂಗೆ."

"ಗೊತ್ತು ಕಣೇ. ನಮ್ಮವ್ವನೂ ಹಂಗೇ ಅಂತಿದ್ಲು. ನಾನೇನು ಆಕಾಶದಿಂದ ಉದುರಿದೋನಾ?" ಅವನು ಅತ್ತಿತ್ತ ನೋಡಿದ. "ಅತಿಥಿ ಹೆಂಗೆ ತಿಳ್ಕೊಂಡ್ರೋ ಅದೇ ಅರ್ಥ. ಚಹಾ ಇಟ್ಟು ಎರಡು ಮಾತಾಡಿ ಬಾ. ಅವರೇನು ಹುಲಿನಾ, ತಿಂದಾಕೋಕೆ?"

"ಜಡೆಯವಳೂ ಚಹಾನೇ ತಗೊಂಡು ಹೋಗಿದ್ದು ಸಾರ್."

ಹಲ್ಲಪ್ಪನ ಮುಖ ಬಿಗಿಯಿತು. ಗೆರೆಯ ಆಚೆಯಿಂದಲೇ ಕೈಚಾಚಿ ಗುಬ್ಬಿಯ ಗಲ್ಲ ಹಿಂಡಿದ. "ಬೇವರ್ಸಿ ಮುಂಡೇದೇ, ನಂಗೇ ಎದುರು ಮಾತಾಡ್ತೀಯಾ? ಬಡವನ ಕೋಪ ದವಡೆಗೆ ಮೂಲ, ಗೊತ್ತಾ? ಇವತ್ತು ರಾತ್ರೀನೇ ಬಂದರು. ನೀನೂ ಇಳೀತೀಯ, ಒಳಗಿರೋ ಆ ಮುದುಕಿನೂ ಇಳೀತಾಳೆ. ನಿಮ್ಮ ಮಾತು ನಾಯಿಗೂ ತಿಳಿಯದ ಊರದು. ಅಲ್ಲಿ ಅದೇನು ಮಾಡ್ಕೊಂಡು ತಿಂತೀರೋ ತಿನ್ನಿ." ಗಲ್ಲ ಬಿಟ್ಟು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಟ್ರೇ ರೆಡಿ ಇದೆ. ತಗೊ. ನಗು. ಹಲ್ಲು ಕಾಣ್ಲಿ."

ಗುಬ್ಬಿ ಹಿಂದಿರುಗಿ ನೋಡಿದಳು. ಹಬೆಯೊಳಗೆ ಚಿಕ್ಕಮ್ಮನ ಬೂಟು ಮಾತ್ರ ಕಾಣುತ್ತಿತ್ತು, ಅಲ್ಲಾಡುತ್ತಿರಲಿಲ್ಲ.

* * *

ಜಮಖಾನೆ ಹಾಸಿದ ಓಣಿಯಲ್ಲಿ ಹೆಜ್ಜೆಗೆ ಸದ್ದೇ ಇಲ್ಲ. ಸದ್ದು ಮಾಡುತ್ತಿದ್ದದ್ದು ಕಪ್ಪುಗಳು. ಟ್ರೇ ಎಷ್ಟು ಬಿಗಿಯಾಗಿ ಹಿಡಿದರೂ ಎರಡು ಕಪ್ಪೂ ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತಿದ್ದವು. ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಒಳಗೆ ನೂರು ಜನ ಇದ್ದರೂ ಕೂಗಿದರೆ ಕೇಳಿಸದಷ್ಟು ದಪ್ಪ ಬಾಗಿಲು ಅಂತ ಹಡಗಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು, ನೆಮ್ಮದಿಯ ನಿದ್ದೆಗೆ.

ಸಾಹೇಬನ ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ಪರದೆ ಎಳೆದು ಕತ್ತಲೆ ಮಾಡಿದ್ದರು. ಸೆಂಟಿನ ವಾಸನೆ ಓಣಿಗೂ ಬರುತ್ತಿತ್ತು. ಗುಬ್ಬಿಯ ಕಾಲು ಅಲ್ಲೇ ಕಂಬವಾಯಿತು.

ಕಪ್ಪಿನ ಸದ್ದು ಕೇಳಿಸಿರಬೇಕು. "ಬಂದ್ಯಾ?" ಅಂತ ಒಳಗಿನಿಂದ ಕೇಳಿದ. ಮಂಚ ಕಿರುಗುಟ್ಟಿತು. "ಬಾ, ಬಾಗಿಲು ಹಾಕ್ಕೊಂಡು ಬಾ."

"ಬರ್ತೀನಿ ಸಾರ್," ಅಂದಿತು ಗುಬ್ಬಿಯ ಬಾಯಿ, ರೂಢಿಯಿಂದ.

ಅಂದ ಕೂಡಲೇ ಅವಳ ಕಾಲು ಮುಂದೆ ನಡೆಯಿತು. ಆ ಮಾತು ಆಡಿದ ಮೇಲೆ ಅವಳ ಕಾಲಿಗೆ ಗೊತ್ತಿದ್ದದ್ದು ಅದೊಂದೇ, ಅಲ್ಲಿಂದ ಹೊರಡುವುದು. ಒಳಗೆ ಕಾಲಿಡದೆ ಆ ಬಾಗಿಲನ್ನು ಹಾದು ಹೋದಳು. ಓಣಿಯ ಕೊನೆಯ ಮೆಟ್ಟಿಲು ಹತ್ತಿದಳು. ಹಿಂದಿನಿಂದ "ಏಯ್, ಎಲ್ಲಿಗೆ?" ಅನ್ನುವುದು ಕೇಳಿಸಿತು, ತಿರುಗಲಿಲ್ಲ. ಡ್ರಮ್ಮಿನ ಸದ್ದು ಹತ್ತಿರವಾಯಿತು.

* * *

ದೊಡ್ಡ ಹಾಲಿನ ವೇದಿಕೆ ಮೇಲೆ ಅಡುಗೆಯವನೂ ಬಟ್ಟೆ ಒಗೆಯುವವನೂ ಕೋಳಿಯ ವೇಷ ಹಾಕಿ ಕುಣಿಯುತ್ತಿದ್ದರು. ಯಾರು ಮೊದಲು ಮೊಟ್ಟೆ ಇಡುತ್ತಾರೆ ಅನ್ನುವ ಪಂದ್ಯ. ಅಡುಗೆಯವನಿಗೆ ಬೆಳಿಗ್ಗೆಯಿಂದ ಜ್ವರ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಮ್ಮಾವ್ರು ಮುಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದರು.

ಗುಬ್ಬಿ ಟ್ರೇ ಅವರ ಎದುರಿಗಿಟ್ಟಳು.

"ಅಮ್ಮಾವ್ರೇ, ಸಾಹೇಬ್ರು ರೂಮಿಗೆ ಚಹಾ ತರೋಕೆ ಹೇಳಿದ್ರು. ನಾನೇ ತರ್ಬೇಕಂತೆ. ಎರಡು ಕಪ್ಪು ಅಂದ್ರು." ಅಕ್ಕಪಕ್ಕದ ಮೇಜಿಗೆ ಕೇಳಿಸುವಷ್ಟು ಜೋರಾಗೇ ಹೇಳಿದಳು. "ನೀವಿಲ್ಲಿದ್ದೀರಿ. ಆ ಇನ್ನೊಂದು ಕಪ್ಪು ಯಾರಿಗೆ ಅಂತ ನಂಗೆ ಗೊತ್ತಾಗ್ಲಿಲ್ಲ. ಅದಕ್ಕೇ ನಿಮ್ಮ ಹತ್ರ ತಂದೆ."

ಪಕ್ಕದ ಮೇಜಿನವರು ತಿರುಗಿದರು. ಇನ್ನು ಇವಳು ಎದ್ದು ಗಂಡನ ಜುಟ್ಟು ಹಿಡಿಯುತ್ತಾಳೆ, ತಾನು ಬದುಕಿಕೊಂಡೆ ಅಂತ ಗುಬ್ಬಿ ಎಣಿಸಿದ್ದಳು. ಅಮ್ಮಾವ್ರು ಎರಡು ಕಪ್ಪನ್ನೂ ನೋಡಿದರು. ಒಂದನ್ನು ಹತ್ತಿರ ಎಳೆದುಕೊಂಡರು. ಸಕ್ಕರೆ ಹಾಕದೆಯೇ ಚಮಚ ತಿರುಗಿಸತೊಡಗಿದರು.

"ಹೋದ ಸಲ ನಾವು ಬಂದಾಗಿನ ಹುಡುಗಿ ಚೆನ್ನಾಗಿದ್ಲು," ಅಂದರು ವೇದಿಕೆಯಿಂದ ಕಣ್ಣು ತೆಗೆಯದೆ. "ಉದ್ದ ಜಡೆ. ಬಾಯೇ ಬಿಡ್ತಿರ್ಲಿಲ್ಲ."

ಗುಬ್ಬಿ ಅವರ ಮುಖ ನೋಡಿದಳು. ಇವಳಿಗೆ ಗೊತ್ತು. ಎಲ್ಲಾ ಗೊತ್ತು.

"ಚಹಾ ಆರಿದೆ. ಬಿಸಿ ಮಾಡಿಸ್ಕೊಂಡು ಅಲ್ಲಿಗೇ ತಗೊಂಡು ಹೋಗು."

"ಇಲ್ಲ."

ಯಾರು ಅಂದದ್ದು ಅಂತ ಗುಬ್ಬಿಗೇ ಒಂದು ಕ್ಷಣ ತಿಳಿಯಲಿಲ್ಲ. ಅಮ್ಮಾವ್ರ ಚಮಚ ನಿಂತಿತು. ಎಲ್ಲಿದ್ದನೋ ಹಲ್ಲಪ್ಪ, ಮೇಜುಗಳ ನಡುವೆ ಎಡವುತ್ತ ಬಂದ. ಮುಖದ ಮೇಲೆ ನಗು ಹಾಗೇ ಅಂಟಿತ್ತು, ಆ ಹಲ್ಲುಗಳ ಸಂದಿಯಿಂದಲೇ "ಏನಂದೆ?" ಅಂದ.

"ಇಲ್ಲ ಅಂದೆ ಸಾರ್." ಗುಬ್ಬಿ ಅಮ್ಮಾವ್ರ ಕಡೆ ತಿರುಗಿದಳು. "ಹೋಗ್ತೀನಿ."

* * *

ಪಾತ್ರೆ ಕೋಣೆಗೆ ಬಂದವಳೇ ಗುಬ್ಬಿ ಗೋಡೆಗೆ ಒರಗಿದಳು. ಹಲ್ಲು ಕಟಕಟ ಬಡಿಯುತ್ತಿದ್ದವು, ಮೇಲಿನವೂ ಕೆಳಗಿನವೂ.

"ಇಲ್ಲ ಅಂದ್ಬಿಟ್ಟೆ ಚಿಕ್ಕಮ್ಮ. ಹೋಗ್ತೀನಿ ಅಂದು ಬಂದೆ."

ಚಿಕ್ಕಮ್ಮ ಕೈ ಎತ್ತಿದಳು. ಬಾಯಿಗೆ ಹೊಡೆದು 'ಬಿಡ್ತು ಅನ್ನು' ಅನ್ನುತ್ತಾಳೆ ಅಂತ ಗುಬ್ಬಿ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ನೀರಿನ ಸದ್ದು ನಿಂತಿತು. ಕಣ್ಣು ಬಿಟ್ಟು ನೋಡಿದರೆ ಚಿಕ್ಕಮ್ಮ ನಲ್ಲಿ ತಿರುಗಿಸುತ್ತಿದ್ದಳು. ಅವಳನ್ನು ನೋಡಿ ಪಕ್ಕದವಳು ತನ್ನದನ್ನು ನಿಲ್ಲಿಸಿದಳು. ಆಮೇಲೆ ಅದರಾಚೆಯವಳು. ಮಧ್ಯಾಹ್ನದ ಎಂಜಲು ತಟ್ಟೆಗಳು ಎದೆಯೆತ್ತರಕ್ಕೆ ಅಟ್ಟಿಯಾಗಿ ನಿಂತಿದ್ದವು. ಹಬೆ ಇಳಿಯುತ್ತ ಬಂದ ಹಾಗೆ ಮೊದಲ ಸಲ ಎಲ್ಲರ ಮುಖ ಎಲ್ಲರಿಗೂ ಕಾಣಿಸಿತು. ಎಲ್ಲರ ಮುಖದಲ್ಲೂ ಹೆದರಿಕೆ.

ಹೊತ್ತು ಇಳಿಯುವಾಗ ಹಲ್ಲಪ್ಪನ ಬೂಟಿನ ಸದ್ದು ಓಡಿಬಂದು ಗೆರೆಯ ಆಚೆ ನಿಂತಿತು. "ರಾತ್ರಿ ಊಟಕ್ಕೆ ಒಂದೂ ತಟ್ಟೆ ಮೇಲೆ ಬಂದಿಲ್ಲ. ಆ ಹಾದರಗಿತ್ತಿ ಎಲ್ಲಿ? ನಲ್ಲಿ ಯಾಕ್ರೇ ನಿಂತೋಯ್ತು? ಯಾರಾದ್ರೂ ಬಾಯಿ ಬಿಡ್ರೇ ಮುಂಡೇವಾ."

ಚಿಕ್ಕಮ್ಮ ಒಂದು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ರಬ್ಬರ್ ಬೂಟು ಕಳಚಿ, ಒಳಗಿನ ನೀರನ್ನು ನಿಧಾನವಾಗಿ ನೆಲಕ್ಕೆ ಸುರಿದಳು.

"ಬರ್ತಾ ಇದೆ ಸಾರ್," ಅಂದಳು.

ದುಂಡು ಕಿಟಕಿಯಲ್ಲಿ ದೂರದ ದಡ ಒಂದು ಕಂದು ಗೆರೆಯಾಗಿ ಕಾಣತೊಡಗಿತ್ತು.

"ಚಿಕ್ಕಮ್ಮ, ಹೆದರಿಕೆ ಆಗ್ತಿದೆ."

"ನಂಗೂ ಆಗ್ತಿದೆ. ಕೂತ್ಕೋ."

ಗುಬ್ಬಿ ಅವಳ ಪಕ್ಕ ಒದ್ದೆ ನೆಲದ ಮೇಲೆಯೇ ಕೂತಳು. ಹಲ್ಲಪ್ಪನ ಬೂಟು ಕೆಂಪು ಗೆರೆ ದಾಟಿ ನೀರಿಗಿಳಿದ ಸದ್ದು ಕೇಳಿಸಿತು.