ತೌಡಿಗೆ ಕೊಂಡ ಮಗಳು

೧೯೫೧ರ ಜನಗಣತಿಯ ದಿನಗಳು. ಆ ಬೆಳಗ್ಗೆ ಕುರುಗೋಡಿನ ಬೆಟ್ಟ ಮಂಜಿನಲ್ಲಿ ಇದ್ದೂ ಇಲ್ಲದಂತಿತ್ತು. ಊರಿನ ಮನೆಗಳನ್ನು ಮುಗಿಸಿದ ಮಾಸ್ತರ ಕೊಟ್ರಬಸಪ್ಪ ಹೊಲೆಗೇರಿಗೆ ಬಂದಿದ್ದ. ಜೊತೆಗೆ ಊರಗೌಡ ಜಡೆಪ್ಪ. ಸರ್ಕಾರದ ಕೆಲಸವೆಂದು ಬಂದವನು ಕೇರಿಯ ಅಂಚಿನ ಹುಣಸೆಮರದಡಿಯೇ ನಿಂತುಬಿಟ್ಟ. ಅದರಾಚೆ ಗೌಡರ ಚಪ್ಪಲಿಗೆ ದಾರಿ ಗೊತ್ತಿರಲಿಲ್ಲ.

ಮರದ ಪಕ್ಕದ ಗುಡಿಸಲ ಮುಂದೆ ಜೋಗಮ್ಮ ಎಳೆಬಿಸಿಲಿಗೆ ಕೂತಿದ್ದಳು. ಗಂಡ ತೀರಿಹೋದ ಒಂಟಿ ಹೆಂಗಸು.

"ಮಕ್ಕಳೆಷ್ಟವ್ವ?" ಮಾಸ್ತರ ಕೇಳಿದ.

"ಒಬ್ಬಾಕಿ ಅದಾಳ್ರಿ. ಗೌಡರ ಮನ್ಯಾಗ."

ಜಡೆಪ್ಪನ ಮುಖ ಕೆಂಪಾಯಿತು. ಅವನಿಗೆ ಹುಟ್ಟಿದ ಮೂರು ಕೂಸುಗಳೂ ತೊಟ್ಟಿಲಲ್ಲೇ ಕಣ್ಣು ಮುಚ್ಚಿದ್ದವು. ನಾಲ್ಕನೆಯದಾದರೂ ಉಳಿಯಲೆಂದು ಹಿರಿಯರು ಹೇಳಿದಂತೆ ಅದನ್ನು ತಿಪ್ಪೆಯ ಮೇಲೆ ಮಲಗಿಸಿ, ಒಂದು ಮೊರ ತೌಡಿಗೆ ಜೋಗಮ್ಮನಿಗೆ ಮಾರಿ, ಆಮೇಲೆ ಮನೆಗೆ ಕರೆತಂದಿದ್ದರು. ಸಾವಿಗೆ ವಿಳಾಸ ತಪ್ಪಿಸುವ ಉಪಾಯ. ಕೂಸು ಉಳಿಯಿತು, ತಿಪ್ಪಮ್ಮನಾಗಿ ಬೆಳೆಯಿತು. ಜೋಗಮ್ಮನಿಗೆ ಮಾತ್ರ ಅವಳನ್ನು ದೂರದಿಂದ ನೋಡುವುದಷ್ಟೇ ಆಯಿತು.

"ಲೇ ಜೋಗಿ, ಅದು ಶಾಸ್ತ್ರಕ್ಕ ಮಾಡಿದ್ದು," ಎಂದ ಜಡೆಪ್ಪ.

"ಕೂಸು ಸಾಯತೈತಿ ಅಂತ ನನ್ನ ಉಡ್ಯಾಗ ಹಾಕಿದಾಗ ಹಂಗ ಅನ್ಲಿಲ್ರಿ ಗೌಡ್ರ. ದಿನಾ ಕನಸಿನಾಗ ಬರ್ತಾಳ. ನನ್ನ ಹೊಸ್ತಿಲ ಮ್ಯಾಲ ಕುಂತು ರೊಟ್ಟಿ ತಿಂತಾಳ." ಅವಳ ದನಿ ಇಳಿಯಿತು. "ಬರೋ ಸೋಮವಾರ ಆಕಿ ಮದುವಿ ಅಂತಲ್ರಿ. ಚಪ್ಪರದಾಗ ಬಂದು ನಾಕು ಅಕ್ಕಿಕಾಳು ಹಾಕ್ತೀನ್ರಿ. ಮತ್ತೇನೂ ಕೇಳಂಗಿಲ್ಲ."

"ಬೀಗರು ಸಿರುಗುಪ್ಪದೋರು. ನಿನ್ನ ಕಂಡು ಎದ್ದು ಹೋದ್ರ? ಆಕಿ ಗತಿ ಏನು, ನೀನ ಹೇಳು."

ಜೋಗಮ್ಮ ಬೆಟ್ಟದ ಕಡೆ ತಿರುಗಿದಳು. "ಹಂಗಾರ ಬ್ಯಾಡ್ರಿ. ಆಕಿ ಚೆಂದಾಗಿರ್ಲಿ."

ಗೌಡ ಗೆದ್ದಿದ್ದ. ಆದರೂ ಮನೆಗೆ ಹೋಗಿ ಹೆಂಡತಿ ಹುಲುಗಮ್ಮನಿಗೆ ನಗುತ್ತ ಇದನ್ನು ಹೇಳಲು ಹೊರಟವನಿಗೆ ನಗು ಅರ್ಧಕ್ಕೇ ನಿಂತಿತು. ಹುಲುಗಮ್ಮ ರೊಟ್ಟಿ ತಟ್ಟುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು.

"ನಮ್ಮ ಕೂಸಿಗೆ ಬ್ಯಾನಿ ಬಂದಾಗೆಲ್ಲ ಆಕಿ ಉಪಾಸ ಬೀಳ್ತಿದ್ಲು. ನಿಮಗ ಗೊತ್ತೇನು?" ಎಂದಳು. ಜಡೆಪ್ಪನಿಗೆ ಗೊತ್ತಿರಲಿಲ್ಲ.

ಸೋಮವಾರ ಓಲಗದ ಸದ್ದು, ಹೂವಿನ ವಾಸನೆ, ಧೂಪದ ಹೊಗೆ ಸೇರಿ ಚಪ್ಪರವೇ ಒಂದು ಕನಸಿನಂತಿತ್ತು. ಅಕ್ಕಿಕಾಳಿಗೆ ಎಲ್ಲರೂ ಎದ್ದಾಗ ಹುಲುಗಮ್ಮ ಮಾತ್ರ ಬೀದಿಗೆ ನಡೆದಳು. ದೂರದ ಗೋಡೆಯ ಮರೆಯಲ್ಲಿ ನಿಂತಿದ್ದ ಜೋಗಮ್ಮನ ಕೈಹಿಡಿದು, "ಬಾ ಯಕ್ಕಾ," ಎಂದು ಕರೆತಂದಳು.

ಓಲಗ ನಿಂತಿತು. "ಯಾರ್ರೀ ಈಕಿ?" ವರನ ಸೋದರಮಾವ ಗದರಿದ.

ಎಲ್ಲರೂ ಜಡೆಪ್ಪನ ಕಡೆ ತಿರುಗಿದರು. ಕೆಲಸದವಳೆಂದರೆ ಸಾಕಿತ್ತು, ಯಾರಾದರೂ ಅವಳನ್ನು ಹೊರಗೆ ಕಳಿಸುತ್ತಿದ್ದರು. ತಿಪ್ಪಮ್ಮ ಬಾಸಿಂಗದ ಕೆಳಗಿನಿಂದ ಅಪ್ಪನನ್ನೇ ನೋಡುತ್ತಿದ್ದಳು.

"ಹೆಣ್ಣಿನ ತಾಯಿ ರೀ," ಎಂದ ಜಡೆಪ್ಪ. "ನಾವು ಸಾಕಿದೋರು."

ಬೀಗರಲ್ಲಿ ಕೆಲವರು ಎದ್ದು ಹೋದರು. ವರ ಕದಲಲಿಲ್ಲ. ಜೋಗಮ್ಮ ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಿದಳು.