ರಮ್ಯಳ ರೂಮಿನ ಡಬ್ಬಿ

ಒಂದು ದಿನವೂ ಸಿಗರೇಟು ಮುಟ್ಟದ ನನ್ನ ಸೊಸೆ ರಮ್ಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೋದಳು. ಸೇದುತ್ತಿದ್ದವನು ನನ್ನ ಮಗ ಮೋಹನ, ಅದೂ ಮಲಗುವ ರೂಮಿನಲ್ಲೇ. ಅವಳಿಗೆ ಕಾಯಿಲೆ ಅಂತ ಗೊತ್ತಾದ ದಿನ ಪ್ಯಾಕೆಟ್ಟನ್ನು ಮೋರಿಗೆ ಎಸೆದವನು ಮತ್ತೆ ಮುಟ್ಟಲಿಲ್ಲ. ಆಮೇಲೆ ಬಿಟ್ಟು ಏನು ಬಂತು? ತಾನೇ ಅವಳನ್ನು ಕೊಂದೆ ಅನ್ನುವುದು ಅವನ ತಲೆಯಲ್ಲಿ ಕೂತುಬಿಟ್ಟಿತು. ತಟ್ಟೆ ಮುಂದೆ ಕೂತರೂ ತುತ್ತು ಇಳಿಯುತ್ತಿರಲಿಲ್ಲ. ತಿಥಿಗೆ ಬಂದ ನೆಂಟರು ಬೇರೆ, ಹೊಟ್ಟೆ ತುಂಬ ಉಂಡು ಕೈ ತೊಳೆಯುತ್ತಾ ಅದನ್ನೇ ಪಿಸುಗುಟ್ಟಿದರು. ಅವರ ಬಾಯಿಗೆ ಮಣ್ಣು ಹಾಕ.

ನನಗೆ ಉಳಿದಿದ್ದ ಆಸೆ ಒಂದೇ, ಆ ಡಬ್ಬಿ.

ರಮ್ಯ ಇನ್ನೂ ಓಡಾಡಿಕೊಂಡಿದ್ದಾಗ ಶೈಲಾ ಅನ್ನುವ ಗದಗದ ಕಡೆಯ ಹುಡುಗಿ, ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು, ನಮ್ಮ ಹೇರೋಹಳ್ಳಿಯಲ್ಲಿ ಮನೆಮನೆಗೂ ಬಂದಿದ್ದಳು. ನೆಲದಡಿಯ ಬಂಡೆಯಿಂದ ರೇಡಾನ್ ಅಂತ ಒಂದು ಅನಿಲ ಏಳುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಲ್ಲಿ ನುಸುಳಿ ಮನೆಯೊಳಗೆ ನಿಂತರೆ, ವರ್ಷಗಟ್ಟಲೆ ಅದನ್ನೇ ಉಸಿರಾಡಿದವರಿಗೆ ಇದೇ ಕ್ಯಾನ್ಸರ್ ಬರಬಹುದಂತೆ. ಅಳೆಯುವುದಕ್ಕೆ, ಒಳಗೆ ಫಿಲಂ ಚೂರಿರುವ ಪುಟ್ಟ ಡಬ್ಬಿಯನ್ನು ಮೂರು ತಿಂಗಳು ತೂಗುಹಾಕಬೇಕು. ತನ್ನ ರೂಮಿನಲ್ಲೇ ಹಾಕಬೇಕು ಅಂತ ಹಟ ಹಿಡಿದವಳು ರಮ್ಯ. ಗಂಡನ ಮೇಲಿನ ಅಪವಾದ ತಾನು ಇರುವಾಗಲೇ ಕಳೆಯಲಿ ಅಂತ ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದಳು.

ಡಬ್ಬಿ ತೂಗುಹಾಕಿದ ವಾರವೇ ಕಾಯಿಲೆ ಏರಿ, ಅದೇ ರೂಮಿನಲ್ಲಿ ಅವಳ ಜೀವ ಹೋಯಿತು. ಪುರೋಹಿತರು ಪಂಚಾಂಗ ತೆಗೆದು, ಧನಿಷ್ಠಾ ಪಂಚಕ, ಸಾವಿಗೆ ನಕ್ಷತ್ರ ಒಳ್ಳೆಯದಲ್ಲ, ತಿಂಗಳುಗಟ್ಟಲೆ ಮನೆ ಬಿಡಬೇಕು, ಆಗದಿದ್ದರೆ ಆ ರೂಮನ್ನಾದರೂ ಮುಚ್ಚಿ ಅಂದರು. ನಮ್ಮ ಯಜಮಾನರು ಕೃಷ್ಣಪ್ಪ ಕಿಟಕಿಯ ಚಿಲಕ ಹಾಕಿ, ಬಾಗಿಲಿಗೆ ಬೀಗ ಜಡಿದರು. ಡಬ್ಬಿ ಒಳಗೆ ತೂಗುತ್ತಲೇ ಇತ್ತು. ಕೆಲಸ ನಡೆಯುತ್ತಿದೆಯಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ.

ಶಾಂತಿ ಮಾಡಿಸಿ ಬೀಗ ತೆಗೆದ ಮೇಲೆ ಯಜಮಾನರೇ ಡಬ್ಬಿಯನ್ನು ಕಾಲೇಜಿಗೆ ತಲುಪಿಸಿ ಬಂದರು. ಸ್ವಲ್ಪ ದಿನಕ್ಕೆ ಶೈಲಾ ಬಂದು ಕೂತು, ರೇಡಾನ್ ತುಂಬಾ ಜಾಸ್ತಿ ಬಂದಿದೆ ಅಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೋಹನನನ್ನು ಕೂಗಿ ಕರೆದೆ.

"ನೋಡೋ, ನೀನಲ್ಲ ಕಣೋ. ಈ ಮನೆ ನೆಲ ಅವಳನ್ನ ತಿಂದಿದ್ದು."

ಅಷ್ಟು ದಿನದ ಮೇಲೆ ಅವನು ಮುಖ ಎತ್ತಿ ನೋಡಿದ. ನಿಜವಾ ಅಂತ ಶೈಲಾಳನ್ನು ಕೇಳಿದ. ಅವಳು ಹೂಂ ಅನ್ನಬಾರದೇ! ರೂಮಿನ ಗಾಳಿ ಬೆಳಕು ಹೇಗಿತ್ತು ಅಂತ ವಿಚಾರಿಸಿದಳು. ಬೀಗದ ಸಂಗತಿ ಯಜಮಾನರು ಇದ್ದಂತೆಯೇ ಹೇಳಿದರು. ಹುಡುಗಿಯ ಮುಖ ಇಳಿದುಹೋಯಿತು. ಮುಚ್ಚಿದ ರೂಮಿನಲ್ಲಿ ಅನಿಲ ಕಟ್ಟಿಕೊಳ್ಳುತ್ತದಂತೆ. ಈ ಲೆಕ್ಕ ಬೀಗ ಹಾಕಿದ ರೂಮಿನದು, ರಮ್ಯ ಬದುಕಿದ್ದ ರೂಮಿನದಲ್ಲ ಅಂದಳು.

ನನಗೆ ಮೈ ಉರಿದುಹೋಯಿತು. ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಬಾಯಿಗೆ ಬಂದಂತೆ ಬೈದೆ. ಪಾಪ, ಅವಳ ಕಣ್ಣಲ್ಲಿ ನೀರು. ಬ್ಯಾಗಿನಿಂದ ಹೊಸದೊಂದು ಡಬ್ಬಿ ತೆಗೆದಳು.

"ಇನ್ನೊಮ್ಮೆ ಹಾಕೂಣ್ರಿ ಆಂಟಿ. ಆ ರೂಮಿನ್ಯಾಗ ಮೊದಲ ಹೆಂಗಿದ್ರಿ, ಹಂಗ ಇರ್ರಿ. ಅಷ್ಟ ಸಾಕು."

ಮುಳುಗುವವಳಿಗೆ ಹಗ್ಗ ಸಿಕ್ಕಂತಾಯಿತು. ಇವತ್ತಿನಿಂದ ನೀನು ಅಲ್ಲೇ ಮಲಗು, ರಮ್ಯ ಹೇಗೆ ಕಿಟಕಿ ತೆಗೆದು ಹಾಕಿ ಮಾಡುತ್ತಿದ್ದಳೋ ಹಾಗೇ ಮಾಡು ಅಂತ ಮೋಹನನಿಗೆ ಹೇಳಿದೆ. ಅವನು ಡಬ್ಬಿ ಹಿಡಿದುಕೊಂಡು ರೂಮಿನೊಳಗೆ ಹೋದ. ನಾವೂ ಹಿಂದೆಯೇ ಹೋದೆವು. ಮಂಚದ ಪಕ್ಕ ನಿಂತು ಕಿಟಕಿಯ ಕಡೆ ನೋಡಿದ.

"ಅವಳಿಗೆ ಚಳಿ ತಡೆಯೋಕಾಗ್ತಿರಲಿಲ್ಲ ಅಮ್ಮ, ಕಿಟಕಿ ಯಾವಾಗ್ಲೂ ಮುಚ್ಚೇ ಇರೋದು. ನಾನು ಸಿಗರೇಟ್ ಹಚ್ಚಿದಾಗ ಮಾತ್ರ ಎದ್ದು ಬಂದು ತೆಗೀತಿದ್ಲು." ನನ್ನ ಕಡೆ ತಿರುಗಿದ. "ಮೊದ್ಲಿನ ಥರಾನೇ ಇರ್ಬೇಕು ಅಂದ್ರೆ, ನಾನು ಸೇದ್ಬೇಕಾ?"

ಡಬ್ಬಿಯನ್ನು ಅವನ ಕೈಯಿಂದ ತೆಗೆದು ಶೈಲಾಳಿಗೆ ವಾಪಸ್ ಕೊಟ್ಟೆ. ಮಗನನ್ನು ತಬ್ಬಿಕೊಂಡು ಗೋಳೋ ಅಂತ ಅತ್ತೆ.