ಎರಡು ಎಣಿಕೆಯ ಸಂದು

ಬಡಗಿಗೆ ತನ್ನ ಕೆಲಸದ ಬಗ್ಗೆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಸಭಾಂಗಣದ ಹೊಸ ವೇದಿಕೆಗೆ ಹಲಗೆ ಹಾಸಿ ಮುಗಿಸಿದ ದಿನ, ಎರಡು ಹಲಗೆಗಳ ನಡುವೆ ಒಂದು ಕೂದಲು ತೂರಿಸಿ ನೋಡೋಣ ಎಂದು ವ್ಯವಸ್ಥಾಪಕರಿಗೆ ಸವಾಲು ಹಾಕಿದ್ದ. ಅವರ ತಲೆಯಲ್ಲಿ ಅದಕ್ಕೆ ಬೇಕಾದ ಕೂದಲೂ ಇರಲಿಲ್ಲ, ಆ ಮಾತು ಬೇರೆ.

ತಿಂಗಳು ಕಳೆಯುವುದರೊಳಗೆ ಅದೇ ವ್ಯವಸ್ಥಾಪಕರು ಹೇಳಿಕಳಿಸಿದರು. ಎಂಬತ್ತು ಜನರ ಆರ್ಕೆಸ್ಟ್ರಾ ಅಭ್ಯಾಸಕ್ಕೆ ಬಂದಿದೆ, ಶನಿವಾರ ಕಛೇರಿ, ವೇದಿಕೆ ನೋಡಿದರೆ ನಡುನಡುವೆ ಕಿರ್ ಎನ್ನುತ್ತಿದೆ. ಶುಕ್ರವಾರದೊಳಗೆ ಸದ್ದು ನಿಲ್ಲದಿದ್ದರೆ ಕಛೇರಿಯನ್ನೇ ಮುಂದಕ್ಕೆ ಹಾಕಿ, ಹಲಗೆಯಷ್ಟೂ ಕೀಳಿಸಿ, ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದರು. ಬೇರೆಯವರು ಎಂದರೆ ಬಡಗಿಯ ಷಡ್ಡಕ. ಹೆಂಡತಿಯ ತಂಗಿಯ ಗಂಡನಾದ ಅವನದೂ ಅದೇ ಕಸುಬು. ತಾನು ಹಾಸಿದ ಹಲಗೆಯನ್ನು ಅವನು ಕಿತ್ತರೆ ಆಮೇಲೆ ನೆಂಟರ ಮನೆಯಲ್ಲಿ ತಲೆ ಎತ್ತಿ ಕೂರುವ ಹಾಗಿರಲಿಲ್ಲ.

ಖಾಲಿ ವೇದಿಕೆಯ ಮೇಲೆ ಅವನು ನಡೆದ, ಕುಣಿದ, ಐವತ್ತು ದಾಟಿದ ಮೈ ಹೊತ್ತುಕೊಂಡು ಕುಪ್ಪಳಿಸಿದ. ಹಲಗೆ ತುಟಿಪಿಟಕ್ಕೆನ್ನಲಿಲ್ಲ. ಎಂಬತ್ತು ಜನ ಕೂತು ನುಡಿಸಿದರೆ ಮಾತ್ರ ಅದಕ್ಕೆ ಬಾಯಿ ಬರುತ್ತಿತ್ತು. ಹಾಗಾಗಿ ಸೋಮವಾರ ಬೆಳಿಗ್ಗೆ ಅವನೂ ಹೋಗಿ ಮೂರನೇ ಸಾಲಿನಲ್ಲಿ ಕೂತ.

ಆರ್ಕೆಸ್ಟ್ರಾ ಎಂದರೆ ಅವನಿಗೆ ಗೊತ್ತಿದ್ದದ್ದು ಸಿನಿಮಾ ಹಾಡು ಹಾಡುವವರ ಗುಂಪು. ಇಲ್ಲಿ ಗಂಟೆ ಕಳೆದರೂ ಹಾಡುವವರ ಪತ್ತೆಯಿಲ್ಲ. ಒಂದು ಕಡ್ಡಿ ಹಿಡಿದು ಎಲ್ಲರನ್ನೂ ನಡೆಸುತ್ತಿದ್ದ ಹೆಂಗಸಿಗೆ ಅವನು ಮನಸ್ಸಿನಲ್ಲೇ ಕಡ್ಡಿಯಮ್ಮ ಎಂದು ಹೆಸರಿಟ್ಟ. ಹಾಡುವವರು ಯಾವಾಗ ಬರುತ್ತಾರೆ ಎಂದು ಬಿಡುವಿನಲ್ಲಿ ಕೇಳಿದ್ದಕ್ಕೆ, ಇದರಲ್ಲಿ ಹಾಡೇ ಇಲ್ಲ ಎಂದರು ಅವರು. ಹಗಲೆಲ್ಲ ಅಂಗಡಿಯಲ್ಲಿ ರೇಡಿಯೋ ಹಾಕಿಕೊಂಡು, ಸುತ್ತಿಗೆಯಲ್ಲಿ ತಾಳ ಹಾಕುತ್ತಾ ತಾನೂ ಗಂಟಲು ಹರಿದುಕೊಳ್ಳುವ ಬಡಗಿಗೆ ಮಾತಿಲ್ಲದ ಸಂಗೀತ ಉಪ್ಪಿಲ್ಲದ ಊಟ. ಅವತ್ತು ಅವನ ಕಿವಿಗೆ ಬಿದ್ದದ್ದು ಒಂದು ದೊಡ್ಡ ಗದ್ದಲ, ಅಷ್ಟೇ.

ಕಿರ್ ಮಾತ್ರ ಚೆನ್ನಾಗಿ ಕೇಳಿಸಿತು. ನಿಧಾನದ ಭಾಗದಲ್ಲಿ ಒಂದು ಕಡೆ ಎಂಬತ್ತು ಜನವೂ ಜೋರಾಗಿ ಏರಿ, ಒಟ್ಟಿಗೆ ನಿಲ್ಲಬೇಕು. ಎರಡು ಎಣಿಸುವಷ್ಟು ಹೊತ್ತು ಎಲ್ಲ ನಿಶ್ಶಬ್ದ. ಆಮೇಲೆ ಒಂದೇ ಒಂದು ಕೊಳಲು ಶುರುವಾಗಬೇಕು. ಹಲಗೆ ಸರಿಯಾಗಿ ಆ ನಿಶ್ಶಬ್ದ ನೋಡಿಕೊಂಡು ಕಿರ್ ಎನ್ನುತ್ತಿತ್ತು. ಕಡ್ಡಿಯಮ್ಮ ಅಲ್ಲಿಗೇ ನಿಲ್ಲಿಸಿ ಬಡಗಿಯ ಕಡೆ ತಿರುಗಿ ನೋಡುತ್ತಿದ್ದರು.

ಆಳೆತ್ತರದ ಪಿಟೀಲುಗಳನ್ನು ನೆಲಕ್ಕೆ ಊರಿ ನುಡಿಸುವ ಎಂಟು ಜನರಲ್ಲಿ ಒಬ್ಬರು ಮುದುಕರಿದ್ದರು. ಬಡಗಿಯ ಪಾಡು ನೋಡಲಾರದೆ ಅವರೇ ಹತ್ತಿರ ಬಂದರು.

"ಎಲ್ಲಾನೂ ಕೇಳಕ್ಕೆ ಹೋಗಬೇಡಿ," ಎಂದರು. "ಯಾವುದಾದ್ರೂ ಒಂದನ್ನ ಹಿಡ್ಕೊಂಡು ಅದರ ಹಿಂದೇನೇ ಹೋಗಿ."

ಮಂಗಳವಾರ ಅವನು ನಗಾರಿಯ ಹಿಂದೆ ಹೋದ, ಮಧ್ಯಾಹ್ನ ಕಹಳೆಗಳ ಹಿಂದೆ. ಬುಧವಾರ ಸಣ್ಣ ಪಿಟೀಲುಗಳ ಸರದಿ. ಕಿರ್ ಅವರ್ಯಾರ ಹತ್ತಿರವೂ ಸಿಗಲಿಲ್ಲ. ಆದರೆ ಗದ್ದಲ ಎಂದುಕೊಂಡಿದ್ದರಲ್ಲಿ ದಾರಿಗಳು ಕಾಣತೊಡಗಿದವು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಿದ್ದರು. ಒಂದು ಕಡೆ ಬಿಟ್ಟ ಎಳೆ ಇನ್ನೊಂದು ಕಡೆ ಏಳುತ್ತಿತ್ತು. ಅವನಿಗೆ ಇದು ಖುಷಿ ಕೊಟ್ಟಿತು, ಯಾರಿಗೂ ಹೇಳಿಕೊಳ್ಳಲು ನಾಚಿಕೆ.

ಆ ಸಂಜೆ ಅಂಗಡಿಯ ರೇಡಿಯೋದಲ್ಲಿ ಅವನ ಮೆಚ್ಚಿನ ಹಾಡು ಬಂದಾಗ ಅವನು ಬಾಯಿ ತೆರೆಯಲೇ ಇಲ್ಲ. ಕಾಫಿ ತಂದ ಹೆಂಡತಿ, ಗಂಟಲು ಕಟ್ಟಿದೆಯಾ ಎಂದು ಕೇಳಿದಳು.

"ಹಾಡಿನ ಹಿಂದೆ ಯಾರೋ ಪಿಟೀಲು ನುಡಿಸ್ತಿದಾರೆ, ಕೇಳು," ಎಂದ ಅವನು. "ಮೂವತ್ತು ವರ್ಷ ಆಯಪ್ಪನ ಮೇಲೇ ಕಿರುಚಿಕೊಂಡಿದೀನಿ."

ಮೂವತ್ತು ವರ್ಷದಲ್ಲಿ ತನ್ನ ಕೈಲಾಗದ್ದನ್ನು ಮೂರು ದಿನದಲ್ಲಿ ಮಾಡಿ ಮುಗಿಸಿದ ಆ ಪುಣ್ಯಾತ್ಮರು ಯಾರು ಎಂದು ಅವಳು ವಿಚಾರಿಸಿದಳು.

ಗುರುವಾರ ಅವನು ಮುದುಕರ ಹಿಂದೆ ಹೋದ. ಜೋರಿನ ಕೊನೆಗೆ ಎಂಟು ಕಮಾನುಗಳು ಒಟ್ಟಿಗೆ ಮೇಲೆದ್ದವು, ಎಂಟು ಮೈಗಳು ಒಟ್ಟಿಗೆ ಹಿಂದಕ್ಕೆ ವಾಲಿದವು. ಕಿರ್. ಒತ್ತಿಕೊಂಡಿದ್ದ ಭಾರ ಒಮ್ಮೆಗೇ ಸಡಿಲವಾಗಿ, ಕಾಲಡಿಯ ಎರಡು ಹಲಗೆಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಮರಕ್ಕೆ ಮಿಸುಕಾಡಲು ಕೂದಲೆಳೆಯಷ್ಟು ಸಂದು ಬಿಡಬೇಕೆಂದು ಕಲಿಯುವ ಹುಡುಗರಿಗೂ ಗೊತ್ತು. ಇಷ್ಟು ದಿನ ಕಿರುಗುಟ್ಟಿದ್ದು ಅವನ ಜಂಬವೇ.

ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಸದ್ದು ಬರಲಿ ಬಿಡಲಿ, ನಾಳೆ ಮೊದಲಿನಿಂದ ಕೊನೆಯವರೆಗೂ ನಿಲ್ಲಿಸದೆ ನುಡಿಸುತ್ತೇವೆ ಎಂದಿದ್ದರು ಕಡ್ಡಿಯಮ್ಮ. ದಿನವೂ ಕಿರ್ ಎಂದಲ್ಲಿಗೇ ನಿಲ್ಲಿಸುತ್ತಿದ್ದರಿಂದ, ಕೊಳಲು ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಬಡಗಿಯ ಕಿವಿಗೆ ಒಂದು ಸಲವೂ ಬಿದ್ದಿರಲಿಲ್ಲ. ಈಗ ಹೇಳಿದರೆ ನಾಳೆಯೆಲ್ಲ ಅಂಗಡಿಯಲ್ಲಿ ಹಲಗೆ ಹೆರೆಯುತ್ತಾ ಕೂರಬೇಕು. ಶನಿವಾರದ ಟಿಕೆಟ್ ಎಂದೋ ಮುಗಿದಿದ್ದವು.

ಶುಕ್ರವಾರ ಮೊದಲ ಭಾಗ ಮುಗಿಯುವ ಹೊತ್ತಿಗೆ ವ್ಯವಸ್ಥಾಪಕರು ಷಡ್ಡಕನನ್ನು ಕರೆದುಕೊಂಡು ಒಳಗೆ ಬಂದರು. ಷಡ್ಡಕನ ಕೈಯಲ್ಲಿ ಹಾರೆಯಿತ್ತು. ಅವನು ಹಲಗೆ ತಟ್ಟಿ, ಮರವೇ ಸರಿಯಿಲ್ಲ, ಪೂರಾ ಕೀಳಬೇಕು ಎಂದ. ನಾಳೆಯ ಕಛೇರಿ ಇನ್ನಿಲ್ಲವೆಂದು ಮುದುಕರು ಬೇಸರದಿಂದ ಕಮಾನಿನ ಬಿಗಿ ಸಡಿಲಿಸತೊಡಗಿದರು. ಬಡಗಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಮರ ಚೆನ್ನಾಗಿದೆ," ಎಂದ ಎದ್ದು ನಿಂತು. "ತಪ್ಪು ನಂದು. ಸಂದು ಬಿಟ್ಟಿಲ್ಲ. ಎರಡೇ ಹಲಗೆ ತೆಗೆದ್ರೆ ಸಾಕು, ನಿನ್ನೇನೇ ಗೊತ್ತಾಯ್ತು."

ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ವ್ಯವಸ್ಥಾಪಕರು ರೇಗಿದರು.

"ಕೊಳಲು ಆದ್ಮೇಲೆ ಏನಾಗುತ್ತೆ ಅಂತ ಕಿವಿಯಾರೆ ಕೇಳ್ಬೇಕಿತ್ತು."

ಮೊದಲು ನಕ್ಕವರು ಮುದುಕರು. ಕಡ್ಡಿಯಮ್ಮ ನಗಲಿಲ್ಲ. ನಾಳೆ ಹೆಂಡತಿಯನ್ನೂ ಕರೆದುಕೊಂಡು ಬಂದು ವೇದಿಕೆಯ ಪಕ್ಕದಲ್ಲೇ ಕೂರಬೇಕು, ಮತ್ತೆ ಸದ್ದು ಬಂದರೆ ಹಿಡಿಯಲು ಕೈಗೆ ಸಿಗಬೇಕು ಎಂದು ಅಪ್ಪಣೆ ಮಾಡಿದರು. ಹಾರೆ ಹೇಗೂ ಬಂದಿತ್ತು, ಷಡ್ಡಕನೇ ಹಲಗೆಯ ಇನ್ನೊಂದು ತುದಿ ಹಿಡಿದ. ನೆಂಟರ ಮನೆಗಳಿಗೆ ಸುದ್ದಿ ಅವತ್ತೇ ಮುಟ್ಟಿತು. ಬಡಗಿ ಹಲಗೆಯ ಅಂಚು ಕೂದಲೆಳೆಯಷ್ಟು ಹೆರೆದು, ಸಂಜೆಗೆ ಕೂರಿಸಿದ.

ಶನಿವಾರ ನಿಧಾನದ ಭಾಗ ಬಂತು. ಎಂಬತ್ತು ಜನ ಏರಿದರು, ಎಂಟು ಕಮಾನುಗಳು ಮೇಲೆದ್ದವು. ಬಡಗಿ ಉಸಿರು ಬಿಗಿಹಿಡಿದ. ಒಂದು. ಎರಡು. ಕೊಳಲು ಶುರುವಾಯಿತು, ಅವನ ಕಣ್ಣಿನಿಂದ ನೀರು ದಳದಳ ಇಳಿಯಿತು.

ಹೆಂಡತಿ ಗಾಬರಿಯಾಗಿ ಅವನ ಕಿವಿಯ ಹತ್ತಿರ ಬಗ್ಗಿದಳು. "ಏನಾಯ್ತು ರೀ?"

"ಏನೂ ಆಗ್ಲಿಲ್ಲ ಕಣೆ," ಎಂದ. "ಅದಕ್ಕೇ."

ಅಷ್ಟರಲ್ಲಿ ಕೊಳಲು ಮುಂದೆ ಹೋಗುತ್ತಿತ್ತು. ಅವನು ಅವಳ ಕೈ ಅದುಮಿ ಸುಮ್ಮನಿರಿಸಿ, ಅದರ ಹಿಂದೆ ಹೊರಟ.